ಬಡಿಸುವವಳು ಮೂರಕ್ಕೆ ಎದ್ದು ಹೋದರೆ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ತಲೆನೋವು. ಪ್ರಿಂಟರ್‌ನಿಂದ ಶುರು ಮಾಡಿದರೆ ನೀವು ಇದು ಯಾವುದೋ ಮ್ಯಾನುಯಲ್ ಎಂದುಕೊಂಡು ಪುಟ ತಿರುವುತ್ತೀರಿ. ಚಿಕ್ಕಮ್ಮನಿಂದ ಶುರು ಮಾಡಿದರೆ, ಓಹೋ, ಅಳಿಸುವ ಕತೆ ಎಂದು ಕರವಸ್ತ್ರ ಹುಡುಕುತ್ತೀರಿ. ನನಗಂತೂ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಾಗಿದೆ.

ಮೊದಲ ಡ್ರಾಫ್ಟ್: "ಆಕಾಶದ ತುಂಬ ಮೋಡ ಕವಿದಿತ್ತು." (ಹೊಡೆದುಹಾಕಿದೆ. ಕತೆ ನಡೆಯುವುದು ಕಿಟಕಿಯೇ ಇಲ್ಲದ ಒಂದು ಮಹಡಿಯಲ್ಲಿ. ಮೋಡ ಕಟ್ಟಿಕೊಂಡು ನನಗೇನಾಗಬೇಕು?)

ಎರಡನೆಯ ಡ್ರಾಫ್ಟ್: "ಸಣ್ಣ ಕಚೇರಿಗೆ ಪ್ರಿಂಟ್ ಸರ್ವರ್ ಆರಿಸುವಾಗ ಗಮನಿಸಬೇಕಾದ ಅಂಶಗಳು." (ಇದು ಪರವಾಗಿಲ್ಲ. ಆದರೆ ಇಷ್ಟಪಟ್ಟು ಓದುವವನು ವೈರಪ್ಪ ಒಬ್ಬನೇ.)

ಹಾಗಿದ್ದರೆ ವೈರಪ್ಪನಿಂದಲೇ ಶುರುವಾಗಲಿ. ಅದು ಅವನ ಹೆತ್ತವರು ಇಟ್ಟ ಹೆಸರಲ್ಲ. ಅವನು ಕಚೇರಿಗಳ ನೆಟ್‌ವರ್ಕ್ ಸರಿಮಾಡುವವನು, ಹೆಗಲ ಮೇಲೆ ಸದಾ ಒಂದು ಸುರುಳಿ ಕೇಬಲ್, ಅದಕ್ಕೇ ವೈರಪ್ಪ. ಈಗ ಅವನು ಒಂದು ಅನುವಾದದ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾನೆ. ಜನ ತಮ್ಮ ಜನನ ಪತ್ರ, ಮದುವೆ ಪತ್ರ, ಆಸ್ಪತ್ರೆಯ ವರದಿಗಳನ್ನು ಇಲ್ಲಿಗೆ ತರುತ್ತಾರೆ. ಇವರು ಅದನ್ನು ಬೇಕಾದ ಭಾಷೆಗೆ ತಿರುಗಿಸಿ, ಪ್ರಿಂಟ್ ತೆಗೆದು, ಮೊಹರು ಒತ್ತಿ ಕೊಡುತ್ತಾರೆ. ಕಾಗದ ಕೈಗೆ ಬರುವ ತನಕ ಗಿರಾಕಿ ಕೌಂಟರಿನ ಎದುರು ಕಾಲು ಬದಲಿಸುತ್ತಾ ನಿಂತಿರುತ್ತಾನೆ.

ಮೆಟ್ಟಿಲ ತುದಿಯಲ್ಲಿ ವೈರಪ್ಪ ನಿಂತುಬಿಟ್ಟ. ಯಾಕೆಂದು ನನಗೆ ಗೊತ್ತು. ಆದರೆ ಈಗಲೇ ಹೇಳಿದರೆ ಕತೆ ಇಲ್ಲೇ ಮುಗಿಯುತ್ತದೆ.

೨

"ನಿಮ್ಮ ಪ್ರಿಂಟ್ ಸರ್ವರ್ ಎಲ್ಲಿದೆ?" ಎಂದು ವೈರಪ್ಪ ಒಳಗೆ ಬಂದವನೇ ಕೇಳಿದ.

ಕಾನೂನು ಪತ್ರಗಳನ್ನು ಅನುವಾದಿಸುವವರು (ಇವರನ್ನು ಇನ್ನು ಮುಂದೆ ಕಾನೂನಿನವರು ಎನ್ನೋಣ) ಕನ್ನಡಕ ಹಣೆಗೇರಿಸಿದರು. "ಸರ್ವರಾ? ಹೋಟೆಲಲ್ಲಿ ತಟ್ಟೆ ತಂದಿಡ್ತಾರಲ್ಲ, ಅವರಾ?"

"ಅಲ್ಲ ಸಾರ್. ಎಲ್ಲರ ಪ್ರಿಂಟೂ ಯಾವ ಮೆಷಿನ್ ಮೂಲಕ ಹೋಗುತ್ತೆ ಅಂತ."

"ಹಾಗಾದ್ರೆ ನಾನು ಹೇಳಿದ್ದೇ ಸರಿ. ಅಗೋ, ನಮ್ಮ ಚಿಕ್ಕಮ್ಮ."

ಕೌಂಟರಿನಲ್ಲಿ, ಎಲ್ಲರಿಗೂ ಬೆನ್ನು ಹಾಕಿ, ಗಿರಾಕಿಗಳಿಗೆ ಮುಖ ಕೊಟ್ಟು ಒಬ್ಬ ಹೆಂಗಸು ಕೂತಿದ್ದರು. ಅವರು ಇಲ್ಲಿ ಯಾರಿಗೂ ಚಿಕ್ಕಮ್ಮ ಅಲ್ಲ, ಹಾಗಾಗಿ ಎಲ್ಲರಿಗೂ ಚಿಕ್ಕಮ್ಮನೇ. ಕಚೇರಿಗೆಲ್ಲ ಇರುವ ಒಂದೇ ಪ್ರಿಂಟರಿನ ತಂತಿ ಅವರ ಕಂಪ್ಯೂಟರಿಗೆ ಸಿಕ್ಕಿಸಿತ್ತು. ಉಳಿದವರ ಹಾಳೆಗಳೆಲ್ಲ ಅವರ ಕಂಪ್ಯೂಟರಿಗೆ ಹೋಗಿ, ಅಲ್ಲಿ ಸಾಲಾಗಿ ನಿಂತು, ಆಮೇಲೆ ಹೊರಗೆ ಬೀಳುತ್ತಿದ್ದವು. ಯಾರ ಹಾಳೆ ಮೊದಲು, ಯಾರದು ಆಮೇಲೆ ಎಂದು ತೀರ್ಮಾನಿಸುವವರು ಅವರು. ಎದುರಿಗೆ ನಿಂತವರ ಮುಖ ನೋಡಿ ಮೌಸ್ ಎಳೆಯುತ್ತಿದ್ದರು. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರಲ್ಲ, ಈ ಕಚೇರಿಯಲ್ಲಿ ಬಡಿಸುವವರು ಎಲ್ಲರಿಗೂ ನಮ್ಮವರು.

ಆದರೆ ಬಡಿಸುವವರು ಊಟಕ್ಕೆ ಕೂರುವುದು ಯಾವಾಗ? ಚಿಕ್ಕಮ್ಮನ ಕಂಪ್ಯೂಟರ್ ಆಫ್ ಆದರೆ ಕಚೇರಿಯಲ್ಲಿ ಒಂದು ಹಾಳೆಯೂ ಹೊರಡುವುದಿಲ್ಲ. ಹಾಗಾಗಿ ಕೊನೆಯವರು ಏಳುವ ತನಕ ಅವರು ಏಳುವ ಹಾಗಿಲ್ಲ. ಇಷ್ಟು ವರ್ಷ ಅದನ್ನೊಂದು ಕಷ್ಟವೆಂದು ಅವರೂ ಎಣಿಸಿರಲಿಲ್ಲ, ಬೇರೆಯವರೂ ಕೇಳಿರಲಿಲ್ಲ.

ಈಗ ಅವರ ತಮ್ಮನಿಗೆ ಸ್ಟ್ರೋಕ್ ಆಗಿ ಮಾತು ಹೋಗಿದೆ. ಕೈಕಾಲು ಆಡುತ್ತವೆ, ಬುದ್ಧಿ ಸರಿಯಿದೆ, ಪದಗಳು ಮಾತ್ರ ಬರುವುದಿಲ್ಲ. ಮಾತು ಮರಳಿ ಕಲಿಸುವ ಥೆರಪಿಸ್ಟ್ ದಿನವೂ ಮಧ್ಯಾಹ್ನ ಬನ್ನಿ ಎಂದಿದ್ದಾರೆ, ಮನೆಯವರೊಬ್ಬರು ಪಕ್ಕದಲ್ಲೇ ಕೂತು ಕಲಿಯಬೇಕು ಎಂದಿದ್ದಾರೆ. ಮನೆಯವರು ಎಂದರೆ ಚಿಕ್ಕಮ್ಮ ಒಬ್ಬರೇ. ದಿನವೂ ಮೂರಕ್ಕೆ ಕಚೇರಿ ಬಿಟ್ಟರೆ ಮಾತ್ರ ಅದು ಸಾಧ್ಯ.

ಕಚೇರಿಯ ಯಜಮಾನಿ ಬೇಡ ಎನ್ನಲಿಲ್ಲ. "ಹೋಗಿ ಚಿಕ್ಕಮ್ಮ. ಆದ್ರೆ ಮೂರರ ಮೇಲೇ ನಮಗೆ ಗಿರಾಕಿ ಜಾಸ್ತಿ, ನಿಮಗೇ ಗೊತ್ತು. ನೀವಿಲ್ದೆ ಪ್ರಿಂಟ್ ನಿಂತ್ರೆ ಆ ಕುರ್ಚಿಗೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ. ಒಂದು ಕುರ್ಚಿಗೆ ಇಬ್ಬರನ್ನ ಇಟ್ಕೊಳ್ಳೋ ಶಕ್ತಿ ನನಗಿಲ್ಲ" ಎಂದರು.

(ಇಲ್ಲಿ ನಾನು ಯಜಮಾನಿಯನ್ನು ಕಟುಕಿ ಮಾಡಲು ನೋಡಿದೆ. ಒಂದು ಕೆಟ್ಟ ನಗು ಬರೆದೆ. ಆಕೆ ಒಪ್ಪಲಿಲ್ಲ. "ವೈರಪ್ಪನನ್ನ ಕರೆಸಿದ್ದು ಯಾರು? ನೀನಾ, ನಾನಾ?" ಎಂದರು. ನಗು ಅಳಿಸಿದೆ.)

೩

(ಈ ಭಾಗವನ್ನು ತಡೆಹಿಡಿಯಲಾಗಿದೆ. ಆಮೇಲೆ ಬಿಡುತ್ತೇನೆ.)

೪

ಇನ್ನು ಮ್ಯಾನುಯಲ್. ಹೆದರಬೇಡಿ, ಸಣ್ಣದು.

ವೈರಪ್ಪ ಚಿಕ್ಕಮ್ಮನ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತ. ಯಜಮಾನಿಗೆ ವಿವರಿಸಬೇಕಾದದ್ದನ್ನು ಅವನು ಇವರಿಗೆ ವಿವರಿಸುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ.

"ಒಂದು ದಾರಿ, ನಿಮ್ಮ ಕಂಪ್ಯೂಟರನ್ನ ಆನ್ ಮಾಡೇ ಬಿಟ್ಟು ಹೋಗೋದು."

"ಅದನ್ನ ಮಾಡಿ ನೋಡಿದ್ದೀವಪ್ಪ. ನಾನು ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದೆ. ಅದು ನಿದ್ದೆ ಹೋಯ್ತು. ಎಬ್ಬಿಸಿದ್ರೆ ಪಾಸ್‌ವರ್ಡ್ ಕೇಳ್ತು. ಇವರು ಫೋನ್ ಮಾಡಿದ್ರು. ಬಾಯಲ್ಲಿ ಹತ್ತಿ ಇಟ್ಕೊಂಡು ಹೇಗೆ ಹೇಳೋದು?"

"ಎರಡನೇದು, ಪ್ರಿಂಟರನ್ನ ನೇರವಾಗಿ ನೆಟ್‌ವರ್ಕಿಗೆ ಸೇರಿಸೋದು. ಎಲ್ಲರೂ ಅವರವರ ಮೇಜಿಂದ ನೇರ ಅದಕ್ಕೇ ಕಳಿಸ್ತಾರೆ. ಮಧ್ಯೆ ಯಾರೂ ಇಲ್ಲ."

"ಆಗ ಯಾರದು ಮೊದಲು?"

"ಯಾರು ಮೊದಲು ಕಳಿಸಿದ್ರೋ ಅವರದು."

"ಕಾನೂನಿನವರು ಒಂದು ದಪ್ಪ ಒಪ್ಪಂದ ಕಳಿಸಿ ಕಾಫಿಗೆ ಹೋದ್ರು ಅಂತಿಟ್ಕೋ. ಒಂದೇ ಹಾಳೆಗೆ ಬಂದೋರು ಅಷ್ಟೂ ಹೊತ್ತು ನಿಂತಿರಬೇಕಾ?"

"ಪ್ರಿಂಟರಿಗೆ ಕಣ್ಣಿಲ್ಲ ಚಿಕ್ಕಮ್ಮ."

"ಹಾಗಿದ್ರೆ ಬೇಡ."

ದೊಡ್ಡದೊಂದು ನಿಜವಾದ ಸರ್ವರ್ ತಂದು ಕೂರಿಸಬಹುದಿತ್ತು. ಆದರೆ ಅದನ್ನು ನೋಡಿಕೊಳ್ಳಲು ಇನ್ನೊಬ್ಬ ಬೇಕು, ಬೆರಳೆಣಿಕೆಯ ಮೇಜುಗಳ ಕಚೇರಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಉಳಿದದ್ದು ಡಬ್ಬಿ. ವೈರಪ್ಪ ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಅಂಗೈಯಗಲದ ಪೆಟ್ಟಿಗೆ. ಹಗಲೂ ರಾತ್ರಿ ಎಚ್ಚರವಾಗಿರುತ್ತದೆ, ಎಲ್ಲರ ಹಾಳೆಗಳನ್ನೂ ತೆಗೆದುಕೊಂಡು ಸಾಲಾಗಿ ನಿಲ್ಲಿಸುತ್ತದೆ, ಪ್ರತಿಯೊಬ್ಬರೂ ತಮ್ಮ ತೆರೆಯಲ್ಲೇ ಆ ಸಾಲನ್ನು ನೋಡಬಹುದು.

"ನಾನು ಮಾಡ್ತಿದ್ದ ಹಾಗೆ ಅವಸರದವರನ್ನ ಮುಂದೆ ತಳ್ಳಬಹುದಾ ಇದ್ರಲ್ಲಿ?"

ವೈರಪ್ಪ ತಲೆ ಕೆರೆದುಕೊಂಡ. "ಇಲ್ಲ ಚಿಕ್ಕಮ್ಮ. ಇದ್ರಲ್ಲಿ ಯಾರನ್ನೂ ಮುಂದೆ ತಳ್ಳೋಕಾಗಲ್ಲ. ನಮ್ಮ ಹಾಳೇನ ನಾವು ತಡೆದು ಹಿಂದೆ ಸರೀಬಹುದು, ಅಷ್ಟೆ. 'ಹೋಲ್ಡ್' ಒತ್ತಿದ್ರೆ ನಮ್ಮದು ನಿಲ್ಲುತ್ತೆ, ಮಿಕ್ಕೋರದ್ದು ಹೋಗುತ್ತೆ."

ಚಿಕ್ಕಮ್ಮ ಡಬ್ಬಿಯನ್ನೇ ನೋಡಿದರು. ತಾನಾಗಿ ಹಿಂದೆ ಸರಿಯುವ ಆ ಏರ್ಪಾಡು ಅವರಿಗೆ ಇಷ್ಟವಾಯಿತೆಂದು ನನಗನ್ನಿಸುತ್ತದೆ.

"ಬೇಕಾದ್ರೆ ನಿಮಗೊಬ್ಬರಿಗೆ ಎಲ್ಲರ ಹಾಳೇನೂ ತಡೆಯೋ ಅಧಿಕಾರ ಕೊಡ್ತೀನಿ. ಅಲ್ಲಿಂದ್ಲೇ ಫೋನಲ್ಲಿ ನೋಡ್ಕೋಬಹುದು" ಎಂದು ವೈರಪ್ಪ ಉಪಾಯ ಹೇಳಿದ.

"ಅಲ್ಲಿ ನಾನು ತಮ್ಮನ ಬಾಯಿ ನೋಡ್ಬೇಕಪ್ಪ, ಫೋನನ್ನಲ್ಲ."

ಡಬ್ಬಿ ಎಂದು ತೀರ್ಮಾನವಾಯಿತು. ಯಜಮಾನಿ ಒಂದು ಮಾತು ಸೇರಿಸಿದರು: ಒಂದು ಮಧ್ಯಾಹ್ನ ಪರೀಕ್ಷೆ. ಚಿಕ್ಕಮ್ಮ ಮೂರಕ್ಕೆ ಹೋಗಲಿ, ಕೌಂಟರಿನ ಕೆಲಸ ನಿಲ್ಲದಿದ್ದರೆ ಸರಿ. ನಿಂತರೆ ಆಮೇಲೆ ಮಾತಾಡೋಣ. 'ಆಮೇಲೆ ಮಾತಾಡೋಣ' ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

೩ (ಈಗ ಬಿಟ್ಟಿದ್ದೇನೆ)

ವೈರಪ್ಪ ಈ ಮೆಟ್ಟಿಲು ಮೊದಲ ಸಲ ಹತ್ತಿದ್ದು ಕೇಬಲ್ ಹೊತ್ತಲ್ಲ, ಕೈಯಲ್ಲಿ ಒಂದು ಪದವಿ ಪತ್ರ ಹಿಡಿದು. ಹೊಸ ಊರು, ಗೊತ್ತಿಲ್ಲದ ಭಾಷೆ, ಆ ದಿನವೇ ಮುಚ್ಚಲಿದ್ದ ಒಂದು ಕೆಲಸದ ಅರ್ಜಿ. ಅನುವಾದವೇನೋ ಆಗಿತ್ತು, ಪ್ರಿಂಟ್ ಬರುತ್ತಿರಲಿಲ್ಲ. ಅವನ ಮುಂದೆ ಯಾವುದೋ ಕಂಪನಿಯ ಕಾಗದ ಒಂದರ ಹಿಂದೊಂದು ಬೀಳುತ್ತಲೇ ಇತ್ತು. ಅವನು ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಕೇಳಲು ಭಾಷೆಯೇ ಇರಲಿಲ್ಲ. ಕೌಂಟರಿನ ಹೆಂಗಸು ಅವನ ಮುಖ ನೋಡಿದರು. ಮೌಸ್ ಹಿಡಿದು ತೆರೆಯ ಮೇಲೆ ಏನನ್ನೋ ಈ ತುದಿಯಿಂದ ಆ ತುದಿಗೆ ಎಳೆದರು. ಮುಂದೆ ಬಿದ್ದ ಹಾಳೆ ಅವನದು.

ಆ ಕೆಲಸ ಸಿಕ್ಕಿತು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಅವನು ಇವತ್ತು ಉಣ್ಣುವ ಪ್ರತಿ ತುತ್ತಿನ ಹಿಂದೆ ಆ ಒಂದು ಹಾಳೆಯಿದೆ. ಸಾಲಿನಲ್ಲಿ ನಿಂತ ಹಾಳೆಯನ್ನು ಮುಂದೆ ತರಬಹುದು ಎನ್ನುವುದನ್ನೂ ಅವನು ಅವತ್ತೇ ಕಂಡದ್ದು, ಅಲ್ಲಿಂದಲೇ ಈ ವಿದ್ಯೆಯ ಹುಚ್ಚು ಹಿಡಿದದ್ದು.

ಡಬ್ಬಿ ಜೋಡಿಸುವಾಗ ಅವನು ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿಬಿಟ್ಟ. (ಅದಕ್ಕೊಂದು ಒಳ್ಳೆಯ ಸನ್ನಿವೇಶ ಕಟ್ಟಿಕೊಡುತ್ತೇನೆ, ಸ್ವಲ್ಪ ತಾಳು ಎಂದಿದ್ದೆ. ತಾಳಲಿಲ್ಲ. ಮೇಜಿನ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದ.)

ಚಿಕ್ಕಮ್ಮ ಬಗ್ಗಿ ಅವನ ಮುಖ ನೋಡಿದರು. "ನೆನಪಿಲ್ವಲ್ಲಪ್ಪ. ದಿನಾ ಯಾರನ್ನಾದ್ರೂ ಮುಂದೆ ತಳ್ತಾನೇ ಇರ್ತೀನಿ. ನಿನ್ನನ್ನೂ ತಳ್ಳಿರಬಹುದು."

"ತಳ್ಳಿದ್ರಿ. ಥ್ಯಾಂಕ್ಸ್ ಚಿಕ್ಕಮ್ಮ."

"ಸ್ಕ್ರೂ ನುಂಗೀಯ, ಮೊದಲು ಬಾಯಿಂದ ತೆಗಿ."

೫

ಈಗ ಒಂದು ತಪ್ಪು. ಈ ಕಚೇರಿಯವರು ಬಿಟ್ಟು ಜಗತ್ತಿನಲ್ಲಿ ಬೇರೆ ಯಾರೂ ಮಾಡಲಾರದ ತಪ್ಪು.

ಪ್ರಿಂಟರಿಗೆ ಈ ಕಚೇರಿಯಲ್ಲಿ 'ಅಜ್ಜಿ' ಎಂದೇ ಹೆಸರು. ಹಾಳೆ ಬಿಡುವ ಮುಂಚೆ ಅದು ಗಂಟಲು ಸರಿಮಾಡಿಕೊಳ್ಳುತ್ತದೆ, ಅದಕ್ಕೆ. ವೈರಪ್ಪ ಡಬ್ಬಿಯಲ್ಲೂ ಅದೇ ಹೆಸರಿಟ್ಟು, ಎಲ್ಲರ ಮೇಜಿಗೂ ಒಂದು ಚೀಟಿ ಅಂಟಿಸಿದ: "ಪ್ರಿಂಟರಿನ ಹೆಸರು ಕೇಳಿದಾಗ 'ಅಜ್ಜಿ' ಎಂದು ಟೈಪ್ ಮಾಡಿ."

ಒಬ್ಬರಿಗೂ ಪ್ರಿಂಟರ್ ಸಿಗಲಿಲ್ಲ. ಅವನು ಕೇಬಲ್ ಬದಲಿಸಿದ, ಡಬ್ಬಿ ಆರಿಸಿ ಹಚ್ಚಿದ, ತನ್ನ ವಿದ್ಯೆಯನ್ನೇ ಶಂಕಿಸಿದ. ಕೊನೆಗೆ ಒಂದೊಂದೇ ಮೇಜಿಗೆ ಹೋಗಿ ನೋಡಿದರೆ ಪ್ರತಿಯೊಬ್ಬರೂ ಅಜ್ಜಿಯನ್ನು ತಾವು ಕೆಲಸ ಮಾಡುವ ಭಾಷೆಗೆ ಅನುವಾದಿಸಿ ಟೈಪ್ ಮಾಡಿದ್ದರು! ಆಸ್ಪತ್ರೆಯ ವರದಿಗಳನ್ನು ನೋಡಿಕೊಳ್ಳುವವಳು (ವೈದ್ಯಕೀಯದವಳು ಎನ್ನೋಣ) 'ವಯೋವೃದ್ಧ ಮಹಿಳೆ' ಎಂಬರ್ಥ ಬರುವಂತೆ ಬರೆದಿದ್ದಳು. ಕಾನೂನಿನವರು ಮಾತ್ರ ಇನ್ನೂ ಏನೂ ಟೈಪ್ ಮಾಡದೆ ಚೀಟಿ ಹಿಡಿದು ಕೂತಿದ್ದರು.

"ತಾಯಿಯ ತಾಯಿಯೋ, ತಂದೆಯ ತಾಯಿಯೋ? ಮೂಲದಲ್ಲಿ ಸ್ಪಷ್ಟ ಇಲ್ವಲ್ಲ" ಎಂದರು.

ಚಿಕ್ಕಮ್ಮ ಕೌಂಟರಿಗೆ ತಲೆಯಾನಿಸಿ ನಕ್ಕರು. ತಮ್ಮನ ಮಾತು ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು ಎಂದು ವೈದ್ಯಕೀಯದವಳು ಆಮೇಲೆ ಹೇಳಿದಳು. ಈ ತಪ್ಪಿಗಾಗಿ ನಾನು ಅವರೆಲ್ಲರಿಗೂ ಋಣಿ. ನನ್ನಿಂದ ಅವರನ್ನು ನಗಿಸಲು ಆಗಿರಲಿಲ್ಲ.

೬

ಪರೀಕ್ಷೆಯ ಮಧ್ಯಾಹ್ನ. ನಾನು ಬರೆದಿಟ್ಟದ್ದು ಹೀಗಿತ್ತು: "ಚಿಕ್ಕಮ್ಮ ಕೊನೆಯ ಸಲ ಎಂಬಂತೆ ತಮ್ಮ ಕಂಪ್ಯೂಟರನ್ನು ನೇವರಿಸಿದರು. ಕಣ್ಣಂಚು ಒದ್ದೆಯಾಗಿತ್ತು. ಇಷ್ಟು ದಿನ ಎಲ್ಲರಿಗೂ ಬೇಕಾಗಿದ್ದವಳು ಇಂದು..."

"ಏನದು?" ಎಂದರು ಚಿಕ್ಕಮ್ಮ, ಚೀಲಕ್ಕೆ ನೀರಿನ ಬಾಟಲಿ ತುಂಬಿಸುತ್ತ.

"ನಿಮ್ಮ ಮನಸ್ಸಿನ ತಳಮಳ."

"ನನಗೆಲ್ಲಿದೆ ತಳಮಳ? ಕುಣೀಬೇಕು ಅನ್ನಿಸ್ತಿದೆ. ಹಗಲು ಬೆಳಕಲ್ಲಿ ಈ ಬೀದಿ ನೋಡಿ ಎಷ್ಟು ಕಾಲ ಆಯ್ತು ಗೊತ್ತಾ? ಒದ್ದೆ ಗಿದ್ದೆ ಎಲ್ಲ ಹೊಡೆದುಹಾಕು."

"ಭಯ ಕೂಡ ಇಲ್ವಾ?"

ಅವರು ಬಾಟಲಿಯ ಮುಚ್ಚಳ ಬಿಗಿ ಮಾಡಿದರು. "ಭಯ ಇದೆ. ಇವತ್ತು ಇವರು ಎಡವಟ್ಟು ಮಾಡಿದ್ರೆ ಕೆಲಸ ಬಿಡ್ಬೇಕು, ಇಲ್ಲ ತಮ್ಮನನ್ನ ಬಿಡ್ಬೇಕು. ಅದನ್ನ ಹಾಗೇ ಬರಿ. ನೇವರಿಸೋದೆಲ್ಲ ಬೇಡ."

ಬರೆದಿದ್ದೇನೆ. ಅವರು ಕಂಪ್ಯೂಟರನ್ನು ಆಫ್ ಮಾಡಿ, ಎಲ್ಲರ ಕಡೆ ತಿರುಗಿ, "ಹೋಗ್ಬರ್ತೀನಿ. ಎದುರಿಗೆ ನಿಂತೋರನ್ನ ನೋಡ್ಕೊಳ್ಳಿ" ಎಂದರು. ಆಯಿತು ಚಿಕ್ಕಮ್ಮ ಎಂದು ಎಲ್ಲರೂ ತೆರೆಯಿಂದ ತಲೆ ಎತ್ತದೆ ಹೇಳಿದರು.

೭

ಸ್ವಲ್ಪ ಹೊತ್ತು ಎಲ್ಲ ಸುಸೂತ್ರ. ಅಜ್ಜಿ ಕೆಮ್ಮಿದಳು, ಹಾಳೆಗಳು ಬಂದವು. ವೈರಪ್ಪ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕಾವಲು ಕೂತಿದ್ದ.

ಆಮೇಲೆ ಮಗುವನ್ನೆತ್ತಿಕೊಂಡ ಒಬ್ಬಾಕೆ ಬಂದಳು. ಮಗುವಿನ ಲಸಿಕೆಯ ಕಾಗದ ಬೇಕು, ಇವತ್ತೇ ಶಿಶುವಿಹಾರದ ಕಚೇರಿಗೆ ಕೊಡಬೇಕು. ವೈದ್ಯಕೀಯದವಳು ಬೇಗಬೇಗ ಅನುವಾದ ಮುಗಿಸಿ ಕಳಿಸಿದಳು. ಸಾಲಿನಲ್ಲಿ ಅದರ ಮುಂದೆ ಕಾನೂನಿನವರ ದಪ್ಪ ಒಪ್ಪಂದ ಇತ್ತು.

ಕಾನೂನಿನವರಿಗೆ ಚಿಕ್ಕಮ್ಮನ ಮಾತು ನೆನಪಾಯಿತು. ದೊಡ್ಡ ಮನಸ್ಸು ಮಾಡಿ ತಮ್ಮದನ್ನು ಹೋಲ್ಡ್ ಮಾಡಿದರು. ಅದೇ ಗಳಿಗೆಯಲ್ಲಿ ವೈದ್ಯಕೀಯದವಳು, ಪಾಪ ಅವರದು ಮೊದಲು ಬಂದದ್ದು, ಮೊದಲ ದಿನವೇ ಅಡ್ಡ ಬರುವುದು ಬೇಡ ಎಂದು ತನ್ನದನ್ನು ಹೋಲ್ಡ್ ಮಾಡಿದಳು. ಒಳಗಿನ ಕೋಣೆಯಲ್ಲಿ ಯಜಮಾನಿ ತಮ್ಮ ಪತ್ರವೊಂದನ್ನು ಕಳಿಸಿದವರು, ಪಾಪ ಅವರ ಕೆಲಸವಾಗಲಿ ಎಂದು ಅದನ್ನೂ ಹೋಲ್ಡ್ ಮಾಡಿದರು. ಉಳಿದವರೂ ಹಾಗೇ. ಎಲ್ಲರೂ ಎಲ್ಲರಿಗೂ ದಾರಿ ಬಿಟ್ಟರು.

ಅಜ್ಜಿ ಸುಮ್ಮನಾದಳು. ಮಗು ಕಿರಿಕಿರಿ ಶುರು ಮಾಡಿತು. ತಾಯಿ ಗೋಡೆಯ ಗಡಿಯಾರ ನೋಡಿದಳು.

ವೈರಪ್ಪನ ಲ್ಯಾಪ್‌ಟಾಪಿನಲ್ಲಿ ಇಡೀ ಸಾಲು ಕಾಣುತ್ತಿತ್ತು. ಹೋಲ್ಡ್, ಹೋಲ್ಡ್, ಹೋಲ್ಡ್. ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಗುಂಡಿ ಅವನ ಬೆರಳ ಕೆಳಗೇ ಇತ್ತು.

"ಒತ್ತು ಮಾರಾಯ" ಎಂದೆ.

"ಆಗಲ್ಲ ಸಾರ್."

"ಯಾಕೆ? ನಿನ್ನನ್ನು ಅವರು ಮುಂದೆ ತಳ್ಳಲಿಲ್ಲವೇ? ಋಣ ತೀರಿಸು."

"ಅದಕ್ಕೇ ಒತ್ತಲ್ಲ. ನಾಳೆ ನಾನಿರಲ್ಲ. ಇವತ್ತು ನಾನು ಒತ್ತಿದ್ರೆ ಇವರು ಕಲಿಯಲ್ಲ. ನಾಳೆ ಚಿಕ್ಕಮ್ಮ ಮತ್ತೆ ಈ ಕುರ್ಚಿಗೇ ಬರ್ಬೇಕಾಗುತ್ತೆ." ಅವನು ಬೆರಳನ್ನು ತೆಗೆದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಕತೆಗಾರನಿಗೆ ಇಂಥ ಹೊತ್ತಿನಲ್ಲಿ ಕೈ ಕಟ್ಟಿ ಕೂರಲಾಗುವುದಿಲ್ಲ. ಅಂತ್ಯಗಳನ್ನು ಹೊರತೆಗೆದೆ.

ಅಂತ್ಯ ಕ: ಯಜಮಾನಿ ಹೊರಬಂದು ನೋಡಿ, ನಿಟ್ಟುಸಿರಿಟ್ಟು, ಚಿಕ್ಕಮ್ಮನಿಗೆ ಫೋನ್ ಮಾಡುತ್ತಾರೆ. "ಕ್ಷಮಿಸಿ ಚಿಕ್ಕಮ್ಮ" ಎಂದು ಬರೆದೆ. ಮುಂದಿನ ಸಾಲು ಬರೆಯಲು ಕೈ ಬರಲಿಲ್ಲ.

ಅಂತ್ಯ ಖ: ಕರೆಂಟ್ ಹೋಗುತ್ತದೆ. (ಇದು ಅಂತ್ಯವಲ್ಲ, ಪಲಾಯನ.)

ಅಂತ್ಯ ಗ: ಚಿಕ್ಕಮ್ಮ ಏನನ್ನೋ ಮರೆತು ವಾಪಸ್ಸು ಬಂದು, ಒಂದೇ ನೋಟದಲ್ಲಿ ಎಲ್ಲ ಅರ್ಥಮಾಡಿಕೊಂಡು, ಸರಿಮಾಡುತ್ತಾರೆ. ಚಪ್ಪಾಳೆ. ವೈರಪ್ಪ ಮೂಲೆಯಿಂದಲೇ ಕಣ್ಣು ಕೆಂಪು ಮಾಡಿದ. "ಅವರು ವಾಪಸ್ ಬಂದ್ರೆ ಅದೇ ಸೋಲು ಸಾರ್, ಅಷ್ಟೂ ತಿಳಿಯಲ್ವಾ?" ಎಂದ. ತಿಳಿಯಿತು. ಹರಿದೆ.

ನಾನು ಹೀಗೆ ತಡಬಡಿಸುತ್ತಿರುವಾಗ ಯಜಮಾನಿ ತಾವಾಗಿಯೇ ಹೊರಬಂದರು. "ಅಜ್ಜಿ ಯಾಕೆ ಸುಮ್ಮನಿದ್ದಾಳೆ?"

"ನಾನು ದಾರಿ ಬಿಟ್ಟಿದ್ದೀನಲ್ಲ" ಎಂದರು ಕಾನೂನಿನವರು.

"ನಾನೂ ಬಿಟ್ಟಿದ್ದೀನಿ" ಎಂದಳು ವೈದ್ಯಕೀಯದವಳು.

"ಬಿಟ್ಟಿದ್ದು ಯಾರಿಗೆ?"

ಯಜಮಾನಿ ಹತ್ತಿರದ ತೆರೆಗೆ ಬಗ್ಗಿ ಸಾಲನ್ನು ಓದಿದರು. ತಮ್ಮದೇ ಪತ್ರವೂ ಅಲ್ಲಿ ಕೈಕಟ್ಟಿ ನಿಂತಿರುವುದನ್ನು ಕಂಡರು. "ಅಲ್ರೀ, ನಮ್ಮಲ್ಲಿ ಇಷ್ಟು ಭಾಷೆ ಬರೋ ಜನ ಇದ್ದೀವಿ. ಯಾರು ಮೊದಲು ಅಂತ ಒಂದು ಭಾಷೇಲೂ ಕೇಳೋಕೆ ಬರಲ್ವಾ ನಮಗೆ?"

ಆಗ ಕೌಂಟರಿನಿಂದ ದನಿ ಬಂತು. "ನಂದು ಒಂದೇ ಹಾಳೆ."

ಎಲ್ಲರೂ ತಲೆ ಎತ್ತಿದರು. ಇಷ್ಟು ವರ್ಷ ಅವರಿಗೆ ಅಲ್ಲಿ ಕಂಡದ್ದು ಚಿಕ್ಕಮ್ಮನ ಬೆನ್ನು. ಇವತ್ತು ಆ ಕುರ್ಚಿ ಖಾಲಿಯಿತ್ತು, ಅದರಾಚೆ ಒಬ್ಬ ದಣಿದ ತಾಯಿ, ಒಂದು ಮಗು. ವೈದ್ಯಕೀಯದವಳು ಬಿಡುಗಡೆ ಒತ್ತಿದಳು. ಅಜ್ಜಿ ಕೆಮ್ಮಿದಳು. ಯಜಮಾನಿಯೇ ಮೊಹರು ಒತ್ತಿ, "ತಡವಾಯ್ತಮ್ಮ, ಓಡಿ" ಎಂದರು.

ಮುಚ್ಚುವ ಹೊತ್ತಿನವರೆಗೂ ಅವತ್ತು ಕಚೇರಿಯಲ್ಲಿ ಸಂತೆಯ ಗದ್ದಲ. "ಎದುರಿಗೆ ಯಾರಿದ್ದಾರೆ?" "ನಂದು ತಡೆದಿದ್ದೀನಿ, ನೀವು ಬಿಡಿ." "ಬಿಟ್ಟೆ!" ಡಬ್ಬಿ ತನ್ನ ಪಾಡಿಗೆ ತಾನು ಹಸಿರು ದೀಪ ಹಚ್ಚಿಕೊಂಡಿತ್ತು. ವೈರಪ್ಪ ತೊಡೆಯ ಕೆಳಗಿನಿಂದ ಕೈ ತೆಗೆದ. ಜೋಮು ಹಿಡಿದಿತ್ತು.

"ಸರಿ, ನಾಳೆನೂ ಮೂರಕ್ಕೇ ಹೋಗ್ಲಿ ಅವರು. ನಾಡಿದ್ದಿನ ಮಾತು ನಾಳೆ ನೋಡೋಣ" ಎಂದರು ಯಜಮಾನಿ. ಅದಕ್ಕಿಂತ ಗಟ್ಟಿ ಮಾತು ಆಕೆಯ ಬಾಯಿಂದ ಹೊರಡಿಸಲು ನನ್ನಿಂದಾಗಲಿಲ್ಲ. ಮುಂದೆಯೂ ದಿನವೂ ಹೀಗೇ ಹೇಳುತ್ತಾರೋ, ಒಂದು ದಿನ ಬೇರೆ ಹೇಳುತ್ತಾರೋ, ನನಗೆ ಗೊತ್ತಿಲ್ಲ.

೮

ಸುದ್ದಿ ಹಿಡಿದು ಓಡಿದೆ. (ಕತೆಗಾರನಿಗೆ ಕಾಲದ ಹಂಗಿಲ್ಲ. ಮುಚ್ಚುವ ಹೊತ್ತಿನಲ್ಲಿ ಹೊರಟು ಮಧ್ಯಾಹ್ನಕ್ಕೆ ತಲುಪಿದೆ.) ಥೆರಪಿಸ್ಟರ ಕೋಣೆಯ ಹೊರಗೆ ಉದ್ದನೆಯ ಓಣಿ, ಗೋಡೆಗೆ ಬೆಂಚು. ಚಿಕ್ಕಮ್ಮ ತಮ್ಮನ ಅಂಗಿಯ ಗುಂಡಿ ಸರಿಮಾಡುತ್ತಿದ್ದರು. ಅವನು ಅಕ್ಕನ ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ.

"ನಾಳೆನೂ ಬರಬಹುದಂತೆ" ಎಂದೆ.

ಚಿಕ್ಕಮ್ಮ ಕಣ್ಣು ಮುಚ್ಚಿದರು. "ಅವರಿಗೆಲ್ಲ ಒಳ್ಳೇದಾಗ್ಲಿ" ಎಂದರು. "ಆ ಸ್ಕ್ರೂ ಹುಡುಗನಿಗೂ. ನಿನಗೂ ಕಣೋ."

ಒಳಗಿನಿಂದ ಕರೆ ಬಂತು. ಅವರು ತಮ್ಮನ ಮೊಣಕೈ ಹಿಡಿದು ಎದ್ದರು. ನಾನೂ ಹಿಂದೆಯೇ ಹೊರಟೆ. ಈ ಕತೆಯ ಕೊನೆಯನ್ನು ನಾನು ಮೊದಲ ಡ್ರಾಫ್ಟಿನ ಮೋಡಕ್ಕಿಂತ ಮುಂಚೆಯೇ ಬರೆದಿಟ್ಟುಕೊಂಡಿದ್ದೆ: ಆ ಕೋಣೆ, ಥೆರಪಿಸ್ಟರ ಕೈಯಲ್ಲಿ ಒಂದು ಚಿತ್ರ, ದೀರ್ಘ ಮೌನ, ಆಮೇಲೆ ಅವನ ಬಾಯಿಂದ ಮೊದಲ ಪದ.

ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತರು. "ನೀನೆಲ್ಲಿಗೆ?"

"ಒಳಗೆ. ಮೊದಲ ಪದ ಸಿದ್ಧವಾಗಿದೆ."

"ಯಾವ ಪದ?"

"ಅಕ್ಕ."

"ಅವನು ನನ್ನನ್ನ ಹುಟ್ಟಿದಾಗಿಂದ ಅಕ್ಕ ಅಂತ ಕರೆದೇ ಇಲ್ಲ."

"ಮತ್ತೇನಂತ ಕರೀತಿದ್ರು?"

"ಅದನ್ನ ಅವನೇ ಹೇಳ್ಬೇಕು. ಇವತ್ತು ಹೇಳ್ತಾನೋ, ಯಾವತ್ತಾದ್ರೂ ಹೇಳ್ತಾನೋ, ನಾನು ದಿನಾ ಬಂದು ಕೂತಿರ್ತೀನಿ." ಅವರ ದನಿ ಮೆತ್ತಗಿತ್ತು, ಕೈ ಮಾತ್ರ ಬಾಗಿಲ ಮೇಲೇ ಇತ್ತು. "ಅವನ ಬಾಯಿಗೆ ನೀನು ಮಾತು ತುರುಕಬೇಡಪ್ಪ."

ಬಾಗಿಲು ಮುಚ್ಚಿತು.

ನಾನು ಓಣಿಯ ಬೆಂಚಿನ ಮೇಲೆ ಕೂತಿದ್ದೇನೆ. ಒಳಗಿನಿಂದ ಥೆರಪಿಸ್ಟರ ದನಿ ಕೇಳುತ್ತದೆ, ಆಮೇಲೆ ಏನೂ ಕೇಳುವುದಿಲ್ಲ, ಮತ್ತೆ ಅವರ ದನಿ. ಬರೆದಿಟ್ಟ ಕೊನೆಯ ಪುಟ ಜೇಬಿನಲ್ಲೇ ಇದೆ, ಅದನ್ನು ತೆಗೆಯುವುದಿಲ್ಲ. ನಿಮಗೆ ಅವಸರವಿಲ್ಲದಿದ್ದರೆ ಬನ್ನಿ, ಸ್ವಲ್ಪ ಸರಿದು ಜಾಗ ಮಾಡುತ್ತೇನೆ.